ಸತ್ತ ಡಿವಿಡಿಯಿಂದ ಮದುವೆ ವಿಡಿಯೊ ತೆಗೆದದ್ದು: ನನ್ನ ಅನುಭವ

"ಆ ಡಿಸ್ಕ್ ಸತ್ತಿದೆ, ಕಸಕ್ಕೆ ಹಾಕು" ಅಂತಿದ್ದ ಕಲಬುರಗಿಯ ಸ್ಟುಡಿಯೊ ಗೆಳೆಯರೇ ಈಗ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಬರುವುದೆಲ್ಲ ಊರು ಇನ್ನೂ ಗುಲ್ಬರ್ಗ ಆಗಿದ್ದ ಕಾಲದ ಡಿವಿಡಿಗಳು. ನಮ್ಮ ಬೇಸಿಗೆ 42 ಡಿಗ್ರಿ ದಾಟುತ್ತದೆ. ತಗಡಿನ ಟ್ರಂಕಿನಲ್ಲಿಟ್ಟ ಡಿಸ್ಕ್ ಎಷ್ಟು ವರ್ಷ ತಡೆದೀತು? ನಾನು ನೋಡಿದವು ಹೆಚ್ಚಾಗಿ ಹೊರಅಂಚಿನಲ್ಲೇ ಕೆಟ್ಟಿದ್ದವು. ಬರೆಯುವುದು ಒಳಗಿನಿಂದ ಹೊರಕ್ಕೆ ಅಲ್ವಾ, ಹಾಗಾಗಿ ಅಕ್ಷತೆ ಕಾಣುತ್ತದೆ, ಹೆಣ್ಣು ಒಪ್ಪಿಸುವ ಹೊತ್ತಿಗೆ ಚಿತ್ರ ನಿಂತುಬಿಡುತ್ತದೆ.

ಸುಮ್ನೆ ಕಾಪಿ ಮಾಡಿದರೆ ಅರ್ಧಕ್ಕೆ ಹ್ಯಾಂಗ್. ಟೂತ್‌ಪೇಸ್ಟ್ ಉಜ್ಜಿದರೆ ಗೀರು ಇನ್ನೂ ಜಾಸ್ತಿ. ದುಡ್ಡು ಕೊಟ್ಟು ತಂದ ರಿಕವರಿ ಸಾಫ್ಟ್‌ವೇರ್‌ಗೆ ಎರಡು ಸಾವಿರ ಹೋಯಿತು, ಫಲ ಸೊನ್ನೆ.

ಕೈ ಹಿಡಿದದ್ದು ಗ್ನೂ ಡಿಡಿರೆಸ್ಕ್ಯೂ: ಕೆಟ್ಟ ಡಿಸ್ಕಿನಿಂದ ಓದಲು ಬರುವಷ್ಟನ್ನು ಎತ್ತಿ ಇಮೇಜ್ (ಇಡೀ ಡಿಸ್ಕಿನ ನಕಲು ಇರುವ ಒಂದೇ ಕಡತ) ಮಾಡುವ ಉಚಿತ ಸಾಫ್ಟ್‌ವೇರ್. ಬ್ಲಾಕ್ (ಡಿಸ್ಕಿನ ಒಂದು ತುಣುಕು, ಅಂದರೆ ಸೆಕ್ಟರ್) ಅಳತೆ 2048 ಬೈಟ್ ಕೊಟ್ಟು, ಮೊದಲ ಸುತ್ತಿನಲ್ಲಿ ಸಲೀಸಾಗಿ ಬರುವುದನ್ನಷ್ಟೇ ಎತ್ತಿಕೊಳ್ಳಬೇಕು. ಇದರ ಜೀವ ಇರುವುದು ಮ್ಯಾಪ್‌ಫೈಲ್‌ನಲ್ಲಿ. ಬರೀ ಪಠ್ಯದ ಕಡತ: ಓದಿದ ಜಾಗಕ್ಕೆ + ಗುರುತು, ಕೆಟ್ಟದ್ದಕ್ಕೆ -, ಇನ್ನೂ ಮುಟ್ಟದ್ದಕ್ಕೆ ?. ಕರೆಂಟ್ ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಮ್ಮ ಕಡೆ ಇದೇ ದೊಡ್ಡ ವರ.

ನಿಜವಾದ ಗೆಲುವು ಡ್ರೈವ್ ಬದಲಿಸಿದಾಗ ಬಂತು. ಒಂದು ಡ್ರೈವ್ ಓದದ ಸೆಕ್ಟರನ್ನು ಇನ್ನೊಂದು ಓದುತ್ತದೆ. ಗುಜರಿಯಲ್ಲಿ ಇನ್ನೂರು ಮುನ್ನೂರಕ್ಕೆ ಹಳೇ ಡ್ರೈವ್‌ಗಳನ್ನು ಗುಡ್ಡೆ ಹಾಕಿದ್ದೇನೆ. ಉಬುಂಟು ಲಿನಕ್ಸ್‌ನಲ್ಲಿ ಶುರು ಮಾಡಿದ ಇಮೇಜನ್ನೂ ಮ್ಯಾಪ್‌ಫೈಲನ್ನೂ ಗೆಳೆಯನ ವಿಂಡೋಸ್ ಯಂತ್ರಕ್ಕೆ ಒಯ್ದು ಸಿಗ್ವಿನ್ (ಲಿನಕ್ಸ್ ಬಗೆಯ ಸಾಫ್ಟ್‌ವೇರನ್ನು ವಿಂಡೋಸ್‌ನಲ್ಲಿ ಓಡಿಸುವ ಸಾಧನ) ಮೂಲಕ ಅದೇ ಕೆಲಸ ಮುಂದುವರಿಸಿದೆ, ಒಂದಿಷ್ಟೂ ತಕರಾರಿಲ್ಲ. ಪೆನ್‌ಡ್ರೈವ್ ಮಾತ್ರ ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಕಡತ ಕೂರಲ್ಲ.

ಆಳಂದದ ಕಡೆಯ ಹುಡುಗನೊಬ್ಬ ಒಂದು ಡಿಸ್ಕ್ ತಂದಿದ್ದ. "ಅಣ್ಣಾರ, ಇದರಾಗ ನಮ್ಮಪ್ಪಾರು ಮಾತಾಡ್ಯಾರ್ರಿ" ಅಂದ. ಮೊದಲ ಡ್ರೈವ್‌ನಲ್ಲಿ ಮುಕ್ಕಾಲು ಭಾಗ ಬಂತು, ಮೂರನೆಯದರಲ್ಲಿ ಹೆಚ್ಚುಕಮ್ಮಿ ಪೂರ್ತಿ. ಅಲ್ಲಲ್ಲಿ ಚಿತ್ರ ಚೌಕಚೌಕ ಒಡೆಯಿತು, ದನಿ ಮಾತ್ರ ಸ್ಪಷ್ಟ. ಆತನಿಂದ ಡಿಸ್ಕಿನ ಬೆಲೆ ಬಿಟ್ಟು ಏನೂ ತಗೊಳ್ಳಲಿಲ್ಲ. ಉಳಿದವರಿಗೆ 300, ಬಂದರೆ ಮಾತ್ರ. ಯಾವ ಡ್ರೈವ್ ಯಾವ ಡಿಸ್ಕಿಗೆ ಒಗ್ಗುತ್ತದೆ, ಏನು ಹಚ್ಚಿ ಒರೆಸುತ್ತೇನೆ, ಅದು ನನ್ನ ಹೊಟ್ಟೆಪಾಡಿನ ಗುಟ್ಟು, ಬಿಟ್ಟುಕೊಡಲ್ಲ.

ತೆಗೆದ ವಿಡಿಯೊವನ್ನು ಹೊಸ ಡಿಸ್ಕಿಗೆ ಬರೆಯುವಾಗ ಡಿವಿಡಿಸಾಸ್ಟರ್ ಎಂಬ ಸಾಫ್ಟ್‌ವೇರ್ ಬಳಸುತ್ತೇನೆ. ಮೂಲ ಲೇಖಕರ ನಂತರ ಬೇರೆಯವರು ಕೈಗೆತ್ತಿಕೊಂಡು 0.79 ಸಾಲಿನ ಆವೃತ್ತಿಗಳನ್ನು ತಂದರು, ವಿಂಡೋಸ್‌ಗೂ ಸಿಗುತ್ತದೆ. ಡಿಸ್ಕಿನಲ್ಲಿ ಉಳಿದ ಜಾಗಕ್ಕೆ ದೋಷ ತಿದ್ದುವ ಮಾಹಿತಿ ತುಂಬುತ್ತದೆ. ಆ ಇಮೇಜನ್ನು ಡಿಸ್ಕ್ ಬರೆಯುವ ಸಾಫ್ಟ್‌ವೇರ್ ಕೆ3ಬಿಯಲ್ಲಿ ಕಡಿಮೆ ವೇಗಕ್ಕೆ ಬರೆದು ವೆರಿಫೈ ಮಾಡುತ್ತೇನೆ. ಪರೀಕ್ಷೆಗೆಂದು ಅಂಥ ಕೆಲವು ಡಿಸ್ಕುಗಳನ್ನು ಒಂದಿಡೀ ಬೇಸಿಗೆ ಮಾಳಿಗೆಯ ಟ್ರಂಕಿನಲ್ಲಿಟ್ಟಿದ್ದೆ. ಒಂದರಲ್ಲಿ ಸೆಕ್ಟರ್‌ಗಳು ಹೋಗಿದ್ದವು, ರಿಪೇರಿ ಕೊಟ್ಟರೆ ಇಮೇಜ್ ಇಡಿಯಾಗಿ ಬಂತು. 3.5 ಜಿಬಿಗಿಂತ ಜಾಸ್ತಿ ವಿಡಿಯೊ ತುಂಬಬೇಡಿ, ತಿದ್ದುವ ಮಾಹಿತಿಗೆ ಜಾಗ ಬೇಕು.