ರೆಕಾರ್ಡಿಂಗ್‌ನಲ್ಲಿ ಗುಂಯ್ ಸದ್ದೇ? ಅಳಿಸುವ ಮೊದಲು ಮೂಲ ಹಿಡಿಯಿರಿ

ನಮ್ಮ ದೊಡ್ಡಮ್ಮನಿಗೆ ಸುಮಾರು 40 ಸೋಬಾನೆ ಪದ ಬಾಯಿಗೆ ಬರುತ್ತವೆ. ಗುಬ್ಬಿ ತಾಲ್ಲೂಕಿನ ಹಳ್ಳಿಯಿಂದ ಅವರನ್ನು ತುಮಕೂರಿನ ನಮ್ಮ ಮನೆಗೆ ಕರೆಸಿಕೊಂಡು, ಎರಡು ದಿನ ಕೂರಿಸಿ ಹಾಡಿಸಿದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಪ್ರತಿ ಪದದ ಹಿಂದೆಯೂ ಒಂದು ಗುಂಯ್! ಜೇನುಗೂಡಿನ ಕೆಳಗೆ ಕೂರಿಸಿ ಹಾಡಿಸಿದ ಹಾಗೆ. ಮೈಕ್ ಸರಿಯಿಲ್ಲ ಅಂದುಕೊಂಡು 4,000 ರೂಪಾಯಿ ಕೊಟ್ಟು ಬೇರೆ ತಂದೆ. ಗುಂಯ್ ಹಾಗೇ ಇತ್ತು. ವಾರದ ಮೇಲೆ ಗೊತ್ತಾಯಿತು, ಕಳ್ಳ ಮೈಕ್ ಅಲ್ಲ, ಲ್ಯಾಪ್‌ಟಾಪಿನ ಚಾರ್ಜರ್. ಪ್ಲಗ್ ಕಿತ್ತಿದ್ದರೆ ಸಾಕಿತ್ತು.

ಪಾಠ ಹೇಳುವ ಮೇಷ್ಟ್ರು, ಅಡುಗೆ ವಿಡಿಯೊ ಮಾಡುವವರು, ಕಥೆ ಓದುವವರು, ಭಾವಗೀತೆ ಹಾಡುವವರು, ಎಲ್ಲರೂ ಈಗ ಮನೆಯಲ್ಲೇ ರೆಕಾರ್ಡ್ ಮಾಡುತ್ತಾರೆ. ಸದ್ದು ಬಂದ ಕೂಡಲೇ ಎರಡೇ ಕೆಲಸ ತೋಚುತ್ತದೆ. ಹೊಸ ಮೈಕ್ ಕೊಳ್ಳುವುದು, ಇಲ್ಲವೇ ಸಾಫ್ಟ್‌ವೇರ್‌ನಲ್ಲಿ ತಿಕ್ಕಿ ತೊಳೆಯುವುದು. ಎರಡಕ್ಕೂ ಮುಂಚೆ ಒಂದು ಗಂಟೆ ಪತ್ತೇದಾರಿ ಕೆಲಸ ಮಾಡಿ. ನನ್ನ ಹಾಗೆ ದುಡ್ಡು ಕಳೆದುಕೊಳ್ಳಬೇಡಿ.

ಹೆಜ್ಜೆ 1: ಯಾವ ಮೈಕ್ ಕೇಳಿಸಿಕೊಳ್ಳುತ್ತಿದೆ?

ನಗಬೇಡಿ, ಅರ್ಧ ಜನ ಇಲ್ಲೇ ಎಡವುತ್ತಾರೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ತಂದಿರುತ್ತಾರೆ. ಆದರೆ ರೆಕಾರ್ಡ್ ಆಗುತ್ತಿರುವುದು ಫೋನಿನದೇ ಮೈಕಿನಲ್ಲಿ. ರೆಕಾರ್ಡಿಂಗ್ ಶುರು ಮಾಡಿ, ಉಗುರಿನಿಂದ ಕಾಲರ್ ಮೈಕನ್ನು ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ತಳಭಾಗವನ್ನು ಕೆರೆಯಿರಿ. ಕೇಳಿ ನೋಡಿ. ಕರಕರ ಯಾವುದು ಜೋರಾಗಿದೆಯೋ ಅದೇ ಕೆಲಸ ಮಾಡುತ್ತಿರುವ ಮೈಕ್.

ಕಾಲರ್ ಮೈಕಿನ ಪಿನ್ ಮೇಲೆ ಕಪ್ಪು ಗೆರೆಗಳಿರುತ್ತವೆ, ಎಣಿಸಿ. ಮೂರು ಇದ್ದರೆ ಫೋನಿಗೆ, ಎರಡಿದ್ದರೆ ಕ್ಯಾಮೆರಾಕ್ಕೆ. ಎರಡು ಗೆರೆಯದನ್ನು ಫೋನಿಗೆ ಚುಚ್ಚಿದರೆ ಫೋನ್ ಅದನ್ನು ಮೈಕ್ ಎಂದೇ ಗುರುತಿಸುವುದಿಲ್ಲ. ಅದಕ್ಕೊಂದು ಚಿಕ್ಕ ಅಡಾಪ್ಟರ್ ಸಿಗುತ್ತದೆ, ಅಷ್ಟು ಸಾಕು.

ಹೆಜ್ಜೆ 2: ಒಂದು ನಿಮಿಷ ಸುಮ್ನಿರಿ

ದಿನಾ ಹೇಗೆ ರೆಕಾರ್ಡ್ ಮಾಡುತ್ತೀರೋ ಹಾಗೇ ಎಲ್ಲ ಜೋಡಿಸಿ. ಗೇನ್, ಅಂದರೆ ಮೈಕಿನ ದನಿಯನ್ನು ಎಷ್ಟು ದೊಡ್ಡದು ಮಾಡಬೇಕು ಎಂಬ ಮಟ್ಟ, ಅಷ್ಟೇ ಇರಲಿ. ರೆಕಾರ್ಡ್ ಒತ್ತಿ, ಒಂದು ನಿಮಿಷ ಮಾತಾಡದೆ ಕೂರಿ. ಈಗ ಹೆಡ್‌ಫೋನ್ ಹಾಕಿ, ವಾಲ್ಯೂಮ್ ಏರಿಸಿ ಕೇಳಿ. ಕೇಳಿ ಆದ ಮೇಲೆ ಇಳಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಂದಿನ ಹಾಡು ಶುರುವಾದಾಗ ಕಿವಿ ಹಾರಿಹೋಗುತ್ತದೆ.

ಆ ಒಂದು ನಿಮಿಷದಲ್ಲಿ ನಿಮ್ಮ ಮನೆಯೇ ಬೇರೆ ಥರ ಕೇಳಿಸುತ್ತದೆ. ಗೋಡೆ ಗಡಿಯಾರ, ಫ್ರಿಜ್, ಪಕ್ಕದ ಮನೆಯ ಕುಕ್ಕರ್. ಕೇಳಿಸಿದ್ದನ್ನೆಲ್ಲ ಚೀಟಿಯಲ್ಲಿ ಬರೆಯಿರಿ. ನಿಮಗೆ ಕೇಳಿಸಿದ ಹಾಗೇ ಬರೆಯಿರಿ: ಗುಂಯ್, ಸ್ಸ್ಸ್, ಕೀಂ, ಟಿಕ್‌ಟಿಕ್, ಗುಡುಗುಡು. ರೋಗಕ್ಕೆ ಹೆಸರು ಸಿಕ್ಕಿದರೆ ಅರ್ಧ ಔಷಧಿ ಸಿಕ್ಕ ಹಾಗೆ.

ಅಳತೆಗೆ ಒಂದು ಗುರಿಯೂ ಇರಲಿ. ಅಮೆಜಾನ್‌ನ ಆಡಿಯೊಬುಕ್ ವೇದಿಕೆ ಎಸಿಎಕ್ಸ್, ಓದಿನ ಹಿಂದಿನ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು ಎನ್ನುತ್ತದೆ. ಈ ಅಳತೆಯಲ್ಲಿ ಸೊನ್ನೆಯೇ ಅತಿ ಜೋರು, ಮೈನಸ್ ಅಂಕಿ ದೊಡ್ಡದಾದಷ್ಟೂ ಸದ್ದು ಕಡಿಮೆ. ನನ್ನ ಮೊದಲ ರೆಕಾರ್ಡಿಂಗ್ ಮೈನಸ್ 41 ತೋರಿಸಿತ್ತು.

ಹೆಜ್ಜೆ 3: ಗುಂಯ್ ಎಂದರೆ ಕರೆಂಟ್

ನಮ್ಮ ದೇಶದ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತದೆ. ಆ 50 ಹರ್ಟ್ಸ್, ಅದರ ಮಡಿಗಳಾದ 100, 150 ಹರ್ಟ್ಸ್, ಇವೆಲ್ಲ ಸೇರಿ ಗುಂಯ್ ಆಗುತ್ತವೆ. ಇದು ಮೈಕಿಗೆ ಎರಡು ದಾರಿಯಲ್ಲಿ ಬರಬಹುದು. ಒಂದು ಗಾಳಿಯಲ್ಲಿ, ಅಂದರೆ ಫ್ರಿಜ್ಜೋ ಫ್ಯಾನೋ ನಿಜವಾಗಿ ಸದ್ದು ಮಾಡುತ್ತಿದೆ. ಇನ್ನೊಂದು ತಂತಿಯಲ್ಲಿ, ಕೋಣೆಯಲ್ಲಿ ಏನೂ ಕೇಳಿಸದಿದ್ದರೂ ರೆಕಾರ್ಡಿಂಗ್‌ನಲ್ಲಿ ಇರುತ್ತದೆ. ಮೈಕಿನ ಮೇಲೆ ದಪ್ಪ ದಿಂಬು ಮುಚ್ಚಿ ನೋಡಿ. ಸದ್ದು ಕಡಿಮೆಯಾದರೆ ಗಾಳಿಯದು. ಒಂದಿಷ್ಟೂ ಬದಲಾಗದಿದ್ದರೆ ತಂತಿಯದು.

ತಂತಿಯದಾದರೆ ಮೊದಲು ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡಿಸಿ. ಹತ್ತರಲ್ಲಿ ಆರೇಳು ಮನೆಯ ತೊಂದರೆ ಇಲ್ಲೇ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಲೋಹದ ಲ್ಯಾಪ್‌ಟಾಪ್ ಮೇಲೆ ಕೈ ಸವರಿದರೆ ಜುಮ್ ಅನ್ನುತ್ತದೆ, ಅಲ್ವಾ? ಚಾರ್ಜರಿನೊಳಗಿನ ಕೆಪ್ಯಾಸಿಟರ್ ಮೂಲಕ ಜಿನುಗುವ ಸಣ್ಣ ಕರೆಂಟ್ ಅದು. ನಿಮ್ಮ ಬೆರಳಿಗೆ ಜುಮ್, ಮೈಕಿನ ತಂತಿಗೆ ಗುಂಯ್. ಮೂರು ಪಿನ್ನಿನ ಚಾರ್ಜರ್ ಆದರೆ ಆ ಕರೆಂಟ್ ಅರ್ಥ್ ತಂತಿ ಹಿಡಿದು ಭೂಮಿಗೆ ಹೋಗುತ್ತದೆ. ಆದರೆ ಸಾಕೆಟ್ಟಿನಲ್ಲಿ ಅರ್ಥ್ ನಿಜವಾಗಿ ಇರಬೇಕು.

ಅಲ್ಲೇ ನಮ್ಮ ಕಡೆಯ ಕತೆ ಇರುವುದು. ಮನೆ ಕಟ್ಟುವಾಗ ಗುಂಡಿ ತೆಗೆದು, ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿರುತ್ತಾರೆ. ಆಮೇಲೆ ಮರೆತೇಬಿಡುತ್ತಾರೆ. ಮಣ್ಣು ಒಣಗಿದಷ್ಟೂ ಅದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತುಮಕೂರಿನ ಏಪ್ರಿಲ್ ಬಿಸಿಲಿಗೆ ಆ ಗುಂಡಿಯಲ್ಲಿ ತೇವ ಎಲ್ಲಿಂದ ಉಳಿಯಬೇಕು? ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಪಾಡು. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಎರಡು ಬಿಂದಿಗೆ ನೀರು ಹಾಕಿ. ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಎಷ್ಟೋ ಕಡೆ ಸಾಕೆಟ್ಟಿನ ಮೂರನೇ ತೂತು ಬರೀ ತೋರಿಕೆಗೆ ಇರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ರೆಕಾರ್ಡಿಂಗ್‌ಗೆ ಅಲ್ಲದಿದ್ದರೂ ಜೀವಕ್ಕಾಗಿ ಇದನ್ನು ಸರಿಪಡಿಸಬೇಕು.

ಜೀವದ ಮಾತು ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಮುರಿದರೆ ಗುಂಯ್ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೆಲವೊಮ್ಮೆ ಸದ್ದು ಹೋಗುವುದು ನಿಜ. ಯಂತ್ರ ಕೆಟ್ಟ ದಿನ ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದೂ ನಿಜ. ಲ್ಯಾಪ್‌ಟಾಪ್ ಒಂದು ಸಾಕೆಟ್ಟಿಗೆ, ಮೈಕ್ ಜೋಡಿಸುವ ಆಡಿಯೊ ಮಿಕ್ಸರ್ ಇನ್ನೊಂದು ಗೋಡೆಯ ಸಾಕೆಟ್ಟಿಗೆ ಹಾಕಿದ್ದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಅರ್ಥ್ ತಂತಿಗಳು ದೊಡ್ಡ ಸುತ್ತು ಹಾಕಿಕೊಂಡು ಗುಂಯ್ ಎಳೆದುಕೊಳ್ಳುವುದು ಆಗ ಬಹುಪಾಲು ತಪ್ಪುತ್ತದೆ. ಮೈಕಿನ ಕೇಬಲ್ಲನ್ನು ಕರೆಂಟಿನ ವೈರ್ ಜೊತೆ ಕಟ್ಟಬೇಡಿ. ಎರಡೂ ಎದುರಾಗಲೇಬೇಕಾದರೆ ಅಡ್ಡಡ್ಡ ಹಾಯಲಿ, ಪಕ್ಕಪಕ್ಕ ಓಡುವುದು ಬೇಡ.

ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಜುಂಯ್ ಬರುತ್ತದೆಯೇ? ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು, ಕರೆಂಟನ್ನು ನಯವಾಗಿ ಓಲಾಡಿಸದೆ ಜರ್ಕು ಹೊಡೆಸಿ ಕೊಡುವಂಥದ್ದು. ಆ ಹೊತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ. ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್, ಲೈಟಿನ ಡಿಮ್ಮರ್‌ಗಳೂ ಇದೇ ಜಾತಿ. ಪೂರ್ತಿ ಏರಿಸದೆ ನಡುವೆ ಇಟ್ಟಾಗಲೇ ಹೆಚ್ಚು ಕಾಟ.

ಹೆಜ್ಜೆ 4: ಸ್ಸ್ಸ್ ಎಂದರೆ ದೂರ ಜಾಸ್ತಿ

ಮೈಕಿನ ಸಂಕೇತವನ್ನು ದೊಡ್ಡದು ಮಾಡುವ ಸರ್ಕ್ಯೂಟ್‌ಗೆ ತನ್ನದೇ ಒಂದು ಉಸಿರಾಟದ ಸದ್ದಿದೆ. ಮೈಕ್ ದೂರ ಇಟ್ಟು ಗೇನ್ ಏರಿಸಿದರೆ ಆ ಉಸಿರೂ ಏರುತ್ತದೆ. ಬಾಯಿಯಿಂದ ಒಂದು ಗೇಣು, ಇದೇ ನನ್ನ ಅಳತೆ. ಎರಡು ಗೇಣಿನಿಂದ ಒಂದು ಗೇಣಿಗೆ ಬಂದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಕೋಣೆಯ ಸದ್ದು ಇದ್ದಷ್ಟೇ ಇರುತ್ತದೆ. ಗೇನ್ ಅಷ್ಟು ಇಳಿಸಿಬಿಡಬಹುದು. ಯಾವ ದುಬಾರಿ ಯಂತ್ರವೂ ಪುಕ್ಕಟೆಯಾಗಿ ಇಷ್ಟು ಕೊಡುವುದಿಲ್ಲ.

ಹತ್ತಿರ ಬಂದರೆ ಪ, ಫ, ಬ, ಭ ಅಕ್ಷರಗಳು ಮೈಕಿಗೆ ಗುದ್ದುತ್ತವೆ. ಅಂಗೈ ಬಾಯೆದುರು ಹಿಡಿದು ‘ಪಪ್ಪಾಯಿ’ ಅನ್ನಿ, ಗಾಳಿ ತಾಕುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಬಾಯಿಯ ಮೂಲೆಯ ಕಡೆ ಓರೆಯಾಗಿ ಇಡಿ. ಕಸೂತಿ ರಿಂಗಿಗೆ ಹಳೇ ನೈಲಾನ್ ಸಾಕ್ಸ್ ಬಿಗಿದು ಮಧ್ಯೆ ನಿಲ್ಲಿಸಿದರೆ ಗಾಳಿಯ ಗುದ್ದು ತಡೆಯುವ ಪಾಪ್ ಫಿಲ್ಟರ್ ಆಯಿತು.

ಗೇನ್ ಎಷ್ಟಿರಬೇಕು? ಅತಿ ಜೋರಾಗಿ ಹಾಡುವ ಸಾಲನ್ನೇ ಹಾಡಿಸಿ ನೋಡಿ. ಮೀಟರ್ ಮೈನಸ್ 12ರ ಆಸುಪಾಸಿಗೆ ಬಂದು ನಿಲ್ಲಲಿ. ಡಿಜಿಟಲ್‌ನಲ್ಲಿ ಸೊನ್ನೆ ಎಂದರೆ ಚಾವಣಿ, ಅಲ್ಲಿ ತಲೆ ತಾಗಿದರೆ ದನಿ ಪಟಪಟ ಒಡೆಯುತ್ತದೆ. ಒಡೆದದ್ದನ್ನು ಸರಿ ಮಾಡುವುದು ಬಲು ಕಷ್ಟ. ದೊಡ್ಡಮ್ಮ ಮಾತಾಡುವಾಗ ಮೆತ್ತಗೆ, ಪದ ಎತ್ತಿಕೊಂಡರೆ ಚಪ್ಪರದ ಆಚೆ ಕೇಳಬೇಕು. ಗುಬ್ಬಿ ಸೀಮೆಯವರಲ್ಲವೇ! 1884ರಲ್ಲಿ ಗುಬ್ಬಿ ಕಂಪನಿ ಶುರುವಾದಾಗ ನಟರಿಗೆ ಮೈಕ್ ಎಲ್ಲಿತ್ತು? ದನಿಯನ್ನೇ ಕೊನೇ ಸಾಲಿಗೆ ಎಸೆಯಬೇಕಿತ್ತು. ದೊಡ್ಡಮ್ಮ ಮಾತಾಡಿದ್ದು ನೋಡಿ ಗೇನ್ ಇಟ್ಟು ನಾನು ಮೂರು ಪದ ಒಡೆಸಿಕೊಂಡೆ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 24 ಬಿಟ್ (ದನಿಯನ್ನು ಹೆಚ್ಚು ಸೂಕ್ಷ್ಮವಾಗಿ ಅಳೆದು ಬರೆದಿಡುವ ಬಗೆ) ಎಂಬ ಆಯ್ಕೆ ಇದ್ದರೆ ಅದನ್ನೇ ಹಾಕಿ. ಮಟ್ಟ ಸ್ವಲ್ಪ ಕೆಳಗೇ ಇದ್ದರೂ ಆಮೇಲೆ ಏರಿಸಿಕೊಳ್ಳಬಹುದು.

ಹೆಜ್ಜೆ 5: ಕೀಂ, ಟಿಕ್‌ಟಿಕ್

ಸಣ್ಣಗೆ ಕೀಂ ಎನ್ನುತ್ತಾ, ಮೌಸ್ ಆಡಿಸಿದರೆ ರಾಗ ಬದಲಾದರೆ, ಅದು ಕಂಪ್ಯೂಟರಿನ ಸದ್ದು ಯುಎಸ್‌ಬಿ ತಂತಿಯಲ್ಲಿ ಸೋರುತ್ತಿರುವುದು. ಬೇರೆ ಪೋರ್ಟಿಗೆ ಚುಚ್ಚಿ. ಗಿಡ್ಡ ಕೇಬಲ್ ಹಾಕಿ. ಹಾಗೂ ಹೋಗದಿದ್ದರೆ ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಬಳಸಿ.

ಟಿಕ್ ಟಿಕ್ ಎಂದು ದನಿ ಹರಿದಂತೆ ಕೇಳಿದರೆ ಕಂಪ್ಯೂಟರ್ ಉಸಿರು ಕಟ್ಟುತ್ತಿದೆ ಎಂದರ್ಥ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಬಫರ್, ಅಂದರೆ ದನಿಯನ್ನು ಸಂಸ್ಕರಿಸುವ ಮುನ್ನ ಕೂಡಿಟ್ಟುಕೊಳ್ಳುವ ತುಣುಕು, 128 ಇದ್ದರೆ 512ಕ್ಕೋ 1024ಕ್ಕೋ ಏರಿಸಿ. ಬ್ರೌಸರ್ ಮುಚ್ಚಿ, ವೈಫೈ ಆಫ್ ಮಾಡಿ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಎಂಬ ಅಂಕಿ, ಸಾಫ್ಟ್‌ವೇರ್‌ನಲ್ಲಿ 44,100, ವಿಂಡೋಸ್ ಸೆಟ್ಟಿಂಗ್‌ನಲ್ಲಿ 48,000 ಇದ್ದರೂ ಇದೇ ತೊಂದರೆ ಬರಬಹುದು. ಎರಡೂ ಕಡೆ ಒಂದೇ ಇಡಿ. ಕೇಬಲ್ ಅಲ್ಲಾಡಿಸಿದಾಗ ಮಾತ್ರ ಕರಕರ ಬಂದರೆ ಕೇಬಲ್ ಬದಲಿಸಿ, ಅಷ್ಟೇ.

‘ಟಕಟಕ ಟಕಟಕ ಜ್ರ್ರ್’ ಎಂದು ಬಂದು, ಎರಡು ಕ್ಷಣದಲ್ಲಿ ಯಾರದೋ ಫೋನ್ ರಿಂಗಾಗುತ್ತದೆ. ಅದು 2ಜಿ ಫೋನಿನ ಕೆಲಸ. ಸೆಕೆಂಡಿಗೆ ಸುಮಾರು 217 ಸಲ ತುಂಡುತುಂಡಾಗಿ ರೇಡಿಯೊ ಅಲೆ ಕಳಿಸುತ್ತದೆ, ಮೈಕಿನ ತಂತಿ ಅದನ್ನು ಹಿಡಿದುಬಿಡುತ್ತದೆ. ಹಿರಿಯರ ಸೊಂಟದಲ್ಲಿ ಕೀಪ್ಯಾಡ್ ಫೋನ್ ಇದೆಯಾ ನೋಡಿ. ದೊಡ್ಡಮ್ಮನ ಎಲೆಅಡಿಕೆ ಚೀಲದಲ್ಲಿತ್ತು.

ಹೆಜ್ಜೆ 6: ಕೋಣೆ ಮತ್ತು ಬೀದಿ

ಇವೆರಡನ್ನು ಬೆರೆಸಿಕೊಳ್ಳಬೇಡಿ. ಆರ್‌ಸಿಸಿ ಮನೆ, ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ದನಿ ಬಾವಿಯಿಂದ ಬಂದ ಹಾಗಿರುತ್ತದೆ. ಚಪ್ಪಾಳೆ ತಟ್ಟಿ ನೋಡಿ, ಗೊತ್ತಾಗುತ್ತದೆ. ಇದಕ್ಕೆ ಕಂಬಳಿ, ಹಾಸಿಗೆ, ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ನಿಲ್ಲಿಸುವುದು ಒಳ್ಳೆಯ ಮದ್ದು. ಹಾಡುವವರ ಎದುರು ಮತ್ತು ಬೆನ್ನ ಹಿಂದೆ ಕಂಬಳಿ ಇಳಿಬಿಡಿ. ಊರಿನಲ್ಲಿ ರಾಗಿ ಮೂಟೆ ಇಡುವ ಕೋಣೆ ನನಗೆ ಸ್ಟುಡಿಯೊಗಿಂತ ಚೆನ್ನಾಗಿ ಕೇಳಿಸಿದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದರಿಂದ ಹೆಚ್ಚೇನೂ ಸಿಗುವುದಿಲ್ಲ, ಜಿರಲೆ ಬರುತ್ತವೆ.

ಕಂಬಳಿ ಒಳಗಿನ ಮಾರ್ದನಿಯನ್ನು ಕುಡಿಯುತ್ತದೆ, ಹೊರಗಿನ ಲಾರಿಯನ್ನು ತಡೆಯುವುದಿಲ್ಲ. ಲಾರಿಯ ಗುಡುಗು ತಗ್ಗು ಸ್ವರದ್ದು, ಅದು ಗೋಡೆಯನ್ನೇ ಹಾದು ಬರುತ್ತದೆ. ನಾವಿರುವುದು ಬಿ.ಎಚ್. ರಸ್ತೆಯ ಹತ್ತಿರ, ಬದಲಿಸಬಹುದಾದದ್ದು ಹೊತ್ತು ಮಾತ್ರ. ಮಧ್ಯಾಹ್ನ ಊಟವಾದ ಮೇಲೆ 2ರಿಂದ ಮೂರೂವರೆ ನಮ್ಮ ಬೀದಿ ಮಲಗಿರುತ್ತದೆ. ತರಕಾರಿ ಆಟೊದ ಮೈಕ್ ಕೂಡ ಆಗ ಬರುವುದಿಲ್ಲ. ಬೆಳಗಿನ ಜಾವ ಚೆನ್ನಾಗಿರುತ್ತದೆ ಎಂದು ಎದ್ದು ಕೂತರೆ ಗುಡಿಯ ಸುಪ್ರಭಾತ ಶುರುವಾಯಿತು. ಸ್ಟ್ಯಾಂಡಿಗೆ ಹಾಕಿ ಹಾಡುವ ಹೆಚ್ಚಿನ ಮೈಕ್‌ಗಳಿಗೆ ಬೆನ್ನ ಕಡೆ ಕಿವಿ ಮಂದ. ಆ ಬೆನ್ನನ್ನು ಕಿಟಕಿಗೆ ತಿರುಗಿಸಿ.

ಫ್ರಿಜ್ ಆಫ್ ಮಾಡುವುದಾದರೆ ಗಾಡಿ ಕೀಯನ್ನು ಅದರೊಳಗೇ ಇಡಿ. ಹೊರಗೆ ಹೊರಡುವಾಗ ಮತ್ತೆ ಆನ್ ಮಾಡುವುದು ತಾನಾಗಿ ನೆನಪಾಗುತ್ತದೆ. ಮೈಕ್ ಸ್ಟ್ಯಾಂಡಿನ ಕೆಳಗೆ ಮಡಿಸಿದ ಟವೆಲ್ ಹಾಕಿದರೆ ಟೇಬಲ್ಲಿನ ಗುಡುಗುಡು ಕಡಿಮೆ. ಫ್ಯಾನ್ ಮಾತ್ರ ದೊಡ್ಡ ರಗಳೆ. “ಫ್ಯಾನ್ ಆರಿಸಿದ್ರೆ ಹೆಂಗಪ್ಪ ಹಾಡ್ಲಿ, ಬೆವರು ಕಿತ್ಕೊಂಡ್ ಬತ್ತೈತೆ” ಎಂದು ದೊಡ್ಡಮ್ಮ ಎದ್ದೇಬಿಟ್ಟರು. ಒಂದು ಪದಕ್ಕೆ ಐದು ನಿಮಿಷ ಫ್ಯಾನ್ ಎಂದು ರಾಜಿಯಾಯಿತು.

ಹೆಜ್ಜೆ 7: ಕೊನೆಗೆ ಸಾಫ್ಟ್‌ವೇರ್

ಇಷ್ಟಾದ ಮೇಲೂ ಸ್ವಲ್ಪ ಉಳಿಯುತ್ತದೆ. ಅಡಾಸಿಟಿ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಮೂಲ ಫೈಲಿನ ಪ್ರತಿ ತೆಗೆದಿಟ್ಟು, ಪ್ರತಿಯ ಮೇಲೆ ಮಾತ್ರ ಕೈ ಇಡಿ. ಮೊದಲು ಹೈಪಾಸ್ ಫಿಲ್ಟರ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸಿ. ಆಮೇಲೆ ಮಾತಿಲ್ಲದ ಎರಡು ಸೆಕೆಂಡ್ ಜಾಗವನ್ನು ಆರಿಸಿ, ನಾಯ್ಸ್ ರಿಡಕ್ಷನ್‌ಗೆ ಹೋಗಿ, ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ಈಗ ಪೂರ್ತಿ ಹಾಡನ್ನು ಆರಿಸಿಕೊಂಡು ಮತ್ತೆ ಅಲ್ಲಿಗೇ ಹೋಗಿ, 6 ಡೆಸಿಬೆಲ್ ಇಟ್ಟು ಓಡಿಸಿ. ಸಾಲದಿದ್ದರೆ 12. ಅದಕ್ಕಿಂತ ಮೇಲೆ ಹೋದರೆ ದನಿ ಬಿಂದಿಗೆಯೊಳಗಿಂದ ಬಂದ ಹಾಗಾಗುತ್ತದೆ. ರೆಸಿಡ್ಯೂ ಎಂಬ ಗುಂಡಿ ಒತ್ತಿ ಕೇಳಿದರೆ ಏನನ್ನು ಕಿತ್ತು ಹಾಕುತ್ತಿದ್ದೀರಿ ಎಂದು ಕೇಳಿಸುತ್ತದೆ. ಅದರಲ್ಲಿ ಹಾಡಿನ ಚೂರುಗಳು ಕೇಳಿದರೆ ತಿಕ್ಕಿದ್ದು ಜಾಸ್ತಿಯಾಯಿತು.

ಎಲ್ಲ ಸರಿಹೋದ ದಿನ ಮತ್ತೊಮ್ಮೆ ಒಂದು ನಿಮಿಷದ ಮೌನ ರೆಕಾರ್ಡ್ ಮಾಡಿ, ತಾರೀಖು ಹಾಕಿ ಇಟ್ಟುಕೊಳ್ಳಿ. ನನ್ನದು ಮೈನಸ್ 62ಕ್ಕೆ ಇಳಿದಿತ್ತು. ಹೋದ ತಿಂಗಳು ಮತ್ತೆ ಸಣ್ಣಗೆ ಗುಂಯ್ ಶುರುವಾಯಿತು. ಚಾರ್ಜರ್ ಕಿತ್ತೆ, ಹೋಗಲಿಲ್ಲ. ಅರ್ಥ್ ಗುಂಡಿಗೆ ನೀರು ಹಾಕಿದೆ, ಹೋಗಲಿಲ್ಲ. ದಿಂಬು ಮುಚ್ಚಿದೆ, ಕಡಿಮೆಯಾಯಿತು. ಹಳೇ ಮೌನದ ಫೈಲ್ ಹಾಕಿ ಹೋಲಿಸಿದೆ, ಅದರಲ್ಲಿ ಈ ಸದ್ದು ಇರಲಿಲ್ಲ. ಅಂದರೆ ಮನೆಗೆ ಹೊಸದಾಗಿ ಬಂದ ಯಾವುದೋ ವಸ್ತು. ಕಿವಿಗೊಟ್ಟುಕೊಂಡು ಒಂದೊಂದೇ ಕೋಣೆ ಸುತ್ತಿದೆ. ಮಗ ತಂದಿಟ್ಟ ಮೀನಿನ ತೊಟ್ಟಿಯ ಗಾಳಿ ಪಂಪು, ಪಕ್ಕದ ಕೋಣೆಯ ಗೋಡೆಗೆ ಒರಗಿಕೊಂಡಿತ್ತು. ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದು, ಅಡಿಗೆ ಹವಾಯಿ ಚಪ್ಪಲಿಯ ತುಂಡೊಂದನ್ನು ಇಟ್ಟೆ.