ಐಎಫ್‌ಬಿ ತಲುಪುವ ಮುನ್ನವೇ ಮಾರ್ಕ್ ಬೇಕಿತ್ತು

ನಾನು ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಲಿನಕ್ಸ್ ಗೇಟ್‌ವೇ 100 ಮೆಗಾಬಿಟ್‌ನ ಪಿಪಿಪಿಒಇ (ಲಾಗಿನ್ ಆಗಿ ಏರುವ ಬ್ರಾಡ್‌ಬ್ಯಾಂಡ್) ಸಂಪರ್ಕದ ಮೇಲೆ ನಡೆಯುತ್ತದೆ. ಯಾರಾದರೂ ದೊಡ್ಡ ಫೈಲ್ ಡೌನ್‌ಲೋಡ್‌ಗೆ ಹಾಕಿದರೆ ಅಲ್ಲಿನ ಇಂಟರ್ನೆಟ್ ಫೋನ್‌ಗಳಲ್ಲಿ ಮಾತು ತುಂಡುತುಂಡಾಗಿ ಕೇಳುತ್ತಿತ್ತು. ಲಿನಕ್ಸ್‌ನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್‌ನಲ್ಲಿ ಕರೆಗಳಿಗೆ ಮಾರ್ಕ್ (ಗುರುತಿನ ಸಂಖ್ಯೆ) ಹಾಕುವ ನಿಯಮವಿತ್ತು. ಒಳಬರುವ ಟ್ರಾಫಿಕ್ಕನ್ನು ಐಎಫ್‌ಬಿ ಎಂಬ, ಸಾಲು ಹಚ್ಚಲೆಂದೇ ಇರುವ ಕೃತಕ ಇಂಟರ್‌ಫೇಸ್‌ಗೆ ತಿರುಗಿಸಿ, ಆ ಮಾರ್ಕ್ ನೋಡಿ ಎಚ್‌ಟಿಬಿಯ (ವೇಗವನ್ನು ಪಾಲು ಮಾಡಿ ಕೊಡುವ ವ್ಯವಸ್ಥೆಯ) ಕ್ಲಾಸ್‌ಗಳಿಗೆ ಹಂಚುವ ಏರ್ಪಾಡೂ ಇತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಇಂಥ ತೊಂದರೆಯಲ್ಲಿ ನಿಯಮ ಬದಲಿಸುವ ಮುನ್ನ ಕೌಂಟರ್ ನೋಡುವುದು ನನ್ನ ಪದ್ಧತಿ. ಫೈರ್‌ವಾಲ್ ನಿಯಮದ ಕೌಂಟರ್ ಏರುತ್ತಿತ್ತು, ಕರ್ನಲ್ ಪ್ರತಿ ಸಂಪರ್ಕದ ಲೆಕ್ಕವಿಡುವ ಕಾನ್‌ಟ್ರ್ಯಾಕ್ ಪಟ್ಟಿಯಲ್ಲಿ ಕರೆಗಳ ಮುಂದೆ ಮಾರ್ಕ್ 1 ಎಂದೇ ಇತ್ತು. ಆದರೆ ಟ್ರಾಫಿಕ್ ನಿಯಂತ್ರಿಸುವ ಟಿಸಿಯ ಅಂಕಿಅಂಶಗಳಲ್ಲಿ ಐಎಫ್‌ಬಿಯ ಧ್ವನಿ ಕ್ಲಾಸ್‌ಗೆ ಬಂದದ್ದು 0 ಬೈಟ್. ಎಲ್ಲವೂ ಡೀಫಾಲ್ಟ್ ಕ್ಲಾಸ್‌ಗೆ ಹೋಗಿ ಬೀಳುತ್ತಿತ್ತು.

ಕಾರಣವಿರುವುದು ಕರ್ನಲ್‌ನೊಳಗೆ ಪ್ಯಾಕೆಟ್ ಸಾಗುವ ಕ್ರಮದಲ್ಲಿ. ಹೊರಗಿನಿಂದ ಬಂದ ಪ್ಯಾಕೆಟ್ ಮೊದಲು ಟಿಸಿಯ ಇನ್‌ಗ್ರೆಸ್ (ಒಳಬರುವ) ಹಂತಕ್ಕೆ ಬರುತ್ತದೆ, ಫೈರ್‌ವಾಲ್ ನಿಯಮಗಳು ಓಡುವ ಪ್ರೀರೌಟಿಂಗ್ ಹಂತ ಆಮೇಲೆ. ಆದ್ದರಿಂದ ಐಎಫ್‌ಬಿ ತಲುಪಿದಾಗ ಅದರ ಮೇಲೆ ಫೈರ್‌ವಾಲ್‌ನ ಯಾವ ಮಾರ್ಕೂ ಇರುವುದಿಲ್ಲ. ನ್ಯಾಟ್ (ಒಳಗಿನ ಐಪಿಗಳನ್ನು ಒಂದೇ ಸಾರ್ವಜನಿಕ ಐಪಿಯ ಹಿಂದೆ ಅಡಗಿಸುವ ವಿಳಾಸ ಬದಲಾವಣೆ) ಕೂಡ ಇನ್ನೂ ಬಿಚ್ಚಿರುವುದಿಲ್ಲವಾದ್ದರಿಂದ ಎಲ್ಲ ಪ್ಯಾಕೆಟ್‌ಗಳ ಗಮ್ಯ ವಿಳಾಸ ಗೇಟ್‌ವೇಯ ಸಾರ್ವಜನಿಕ ಐಪಿಯೇ ಆಗಿದ್ದು, ಒಳಗಿನ ಫೋನಿನ ಐಪಿ ಹಿಡಿದು ಫಿಲ್ಟರ್ ಬರೆದರೂ ಫಲವಿಲ್ಲ.

ಪರಿಹಾರ ಟಿಸಿಯಲ್ಲೇ ಇದೆ. ಇನ್‌ಗ್ರೆಸ್ ಫಿಲ್ಟರ್‌ನಲ್ಲಿ ಐಎಫ್‌ಬಿಗೆ ತಿರುಗಿಸುವ ಮಿರ್ರೆಡ್ ಆ್ಯಕ್ಷನ್‌ಗೆ ಮೊದಲು ಕಾನ್‌ಮಾರ್ಕ್ ಆ್ಯಕ್ಷನ್ ಸೇರಿಸಿದೆ. ಅದು ಕಾನ್‌ಟ್ರ್ಯಾಕ್ ಪಟ್ಟಿಯಲ್ಲಿ ಸಂಪರ್ಕವನ್ನು ಹುಡುಕಿ ಅದರ ಮಾರ್ಕನ್ನು ಪ್ಯಾಕೆಟ್‌ಗೆ ನಕಲಿಸುತ್ತದೆ. ಇದಕ್ಕೆ ಫೈರ್‌ವಾಲ್ ನಿಯಮ ಸಿಟಿ ಮಾರ್ಕ್ (ಇಡೀ ಸಂಪರ್ಕದ ಮಾರ್ಕ್) ಹಾಕಿರಬೇಕು; ಪ್ಯಾಕೆಟ್‌ಗಷ್ಟೇ ಹಾಕುವ ಮೆಟಾ ಮಾರ್ಕ್ ಆ ಒಂದು ಪ್ಯಾಕೆಟ್‌ನೊಡನೆಯೇ ಮುಗಿದುಹೋಗುತ್ತದೆ. ಆ್ಯಕ್ಷನ್ ಸೇರಿಸಿ ಒಂದು ಕರೆ ಮಾಡಿ ನೋಡಿದಾಗ ಧ್ವನಿ ಕ್ಲಾಸ್‌ನ ಬೈಟ್ ಲೆಕ್ಕ ಏರತೊಡಗಿತು.

ಧ್ವನಿಗೆ ಬೇಕಾದ ಜಾಗ ಹೆಚ್ಚೇನಲ್ಲ. ಜಿ.711 ಎಂಬ ಧ್ವನಿ ಸಂಕೇತನ ಬಳಸುವ ಕರೆಯೊಂದು 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್‌ನಂತೆ ಕಳಿಸಿದರೆ ಐಪಿ ಮಟ್ಟದಲ್ಲಿ ಒಂದು ದಿಕ್ಕಿಗೆ 80 ಕಿಲೋಬಿಟ್ ಸಾಕು, ಹಾಗಾಗಿ ಇಪ್ಪತ್ತು ಕರೆಗಳಿಗೆ 2 ಮೆಗಾಬಿಟ್ ಮೀಸಲಿಟ್ಟೆ. ಒಟ್ಟು ಮಿತಿಯನ್ನು 90 ಮೆಗಾಬಿಟ್‌ಗೆ ಇಳಿಸಿದೆ. ಒಳಬರುವ ಪ್ಯಾಕೆಟ್ ಅದಾಗಲೇ ಲೈನು ದಾಟಿ ಬಂದಿರುತ್ತದೆ; ನಾವು ಇಲ್ಲಿ ಬೀಳಿಸಿದ್ದನ್ನು ಕಂಡು ಕಳಿಸುವವನ ಟಿಸಿಪಿ ವೇಗ ತಗ್ಗಿಸಬೇಕು, ಅಷ್ಟರೊಳಗೆ ಪೂರೈಕೆದಾರರ ಕಡೆ ಸಾಲು ಬೆಳೆಯದಿರಲು ಈ ಅಂತರ ಬೇಕೇ ಬೇಕು. ಡೀಫಾಲ್ಟ್ ಕ್ಲಾಸ್‌ನಡಿ ಸಾಲಿನ ವಿಳಂಬ ತಗ್ಗಿಸುವ ಎಫ್‌ಕ್ಯೂ-ಕೋಡೆಲ್ ಇಟ್ಟಿದ್ದೇನೆ. ಅದರ 5 ಮಿಲಿಸೆಕೆಂಡ್ ಗುರಿಯನ್ನು ಬದಲಿಸುವ ಅಗತ್ಯ ಬೀಳಲಿಲ್ಲ.

ಪಿಪಿಪಿ ಸಂಪರ್ಕ ಕಡಿದು ಮತ್ತೆ ಬಂದಾಗ ಇಂಟರ್‌ಫೇಸ್ ಹೊಸದಾಗಿ ಹುಟ್ಟುವುದರಿಂದ ಇನ್‌ಗ್ರೆಸ್ ಫಿಲ್ಟರ್ ಉಳಿಯುವುದಿಲ್ಲ. ಹಾಗಾಗಿ ಈ ಆಜ್ಞೆಗಳನ್ನೆಲ್ಲ ಬೂಟ್ ಸ್ಕ್ರಿಪ್ಟ್‌ನಿಂದ ತೆಗೆದು, ಸಂಪರ್ಕ ಏರಿದಾಗಲೆಲ್ಲ ಓಡುವ ಐಪಿ-ಅಪ್ ಸ್ಕ್ರಿಪ್ಟ್‌ಗೆ ಹಾಕಿದ್ದೇನೆ.