ಶೇಂಗಾ ಅಲರ್ಜಿಯಿರುವ ಬರಹಗಾರರು ಗೋಷ್ಠಿಗಳಿಗೆ ಹೋಗುವಾಗ
ಶೇಂಗಾ ಅಲರ್ಜಿಯಿರುವ ನನ್ನಂಥ ಬರಹಗಾರರು ಕವಿಗೋಷ್ಠಿಗೋ ಕಮ್ಮಟಕ್ಕೋ ಆಹ್ವಾನ ಬಂದಾಗ, ಒಪ್ಪಿಗೆ ಪತ್ರದಲ್ಲೇ ಅದನ್ನು ಸ್ಪಷ್ಟವಾಗಿ ತಿಳಿಸಿ, ಊಟದ ಹೊಣೆ ಹೊತ್ತವರ ದೂರವಾಣಿ ಸಂಖ್ಯೆಯನ್ನು ಕೇಳಿ ಪಡೆಯುವುದು ಒಳ್ಳೆಯದು. ಅಡುಗೆಯವರನ್ನು "ಶೇಂಗಾ ಹಾಕಿದ್ದೀರಾ?" ಎಂದಷ್ಟೇ ಕೇಳಿದರೆ ಸಾಲದು, ಚಿತ್ರಾನ್ನದ ಒಗ್ಗರಣೆಯಲ್ಲಿ ಕಣ್ಣಿಗೆ ಬೀಳುವ ಬೀಜಕ್ಕಿಂತ, ಎಣ್ಣೆಗಾಯಿಯ ಮಸಾಲೆಯಲ್ಲಿ, ಇಡ್ಲಿಯ ಚಟ್ನಿಯಲ್ಲಿ, ಪಲ್ಯದ ಮೇಲೆ ಉದುರಿಸಿದ ಪುಡಿಯಲ್ಲಿ ಅರೆದು ಬೆರೆತದ್ದೇ ಹೆಚ್ಚು ಅಪಾಯಕಾರಿ. ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನ್ ಉಳಿದಿರಬಹುದಾದ್ದರಿಂದ, ಕರಿಯಲು ಬಳಸಿದ ಎಣ್ಣೆ ಯಾವುದೆಂದೂ, ಬಡಿಸುವ ಸೌಟುಗಳು ಬೇರೆಬೇರೆಯೇ ಎಂದೂ ವಿಚಾರಿಸಬೇಕು. ಖಚಿತ ಉತ್ತರ ಸಿಗದಿದ್ದರೆ ಮನೆಯ ಬುತ್ತಿಯೇ ಲೇಸು. ಇದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ಪೊಟ್ಟಣದ ತಿನಿಸನ್ನು ಕೊಳ್ಳುವುದಾದರೆ, ಭಾರತದ 2020ರ ಲೇಬಲ್ ನಿಯಮಗಳಂತೆ ಶೇಂಗಾ ಇರುವುದನ್ನು ನಮೂದಿಸಲೇಬೇಕಾದ ಕಾರಣ, ಆ ಸಾಲನ್ನು ತಪ್ಪದೆ ಓದಿರಿ.
ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಚುಚ್ಚುಮದ್ದನ್ನು ವಸತಿಯ ಕೋಣೆಯಲ್ಲಿ ಬಿಡದೆ, ಹಸ್ತಪ್ರತಿಯಿರುವ ಹೆಗಲ ಚೀಲದಲ್ಲೇ ಇಟ್ಟುಕೊಂಡು, ಪಕ್ಕದಲ್ಲಿ ಕೂರುವ ಮಿತ್ರರೊಬ್ಬರಿಗೆ ತೋರಿಸಿಡಿರಿ. ಗಂಟಲು ಬಿಗಿದರೆ ಅಥವಾ ಉಸಿರಾಟ ಕಷ್ಟವಾದರೆ, ಅಲರ್ಜಿ ಮಾತ್ರೆ ನುಂಗಿ ಕಾಯುತ್ತ ಕೂರದೆ, ಕೂಡಲೇ ಚುಚ್ಚುಮದ್ದು ತೆಗೆದುಕೊಂಡು 108ಕ್ಕೆ ಕರೆ ಮಾಡಿಸಬೇಕು.